ನಡುಮನೆಯ ನೆಲ

ಕತ್ತಿನ ಹಿಂದಕ್ಕೆ ಏಸಿಯ ಗಾಳಿ ನೇರ ಬಡಿಯುತ್ತಿದೆ, ಸೆರಗು ಎಳೆದುಕೊಂಡರೂ ತಣ್ಣಗೆ ಒಳಗೆ ನುಸುಳುತ್ತದೆ, ಪ್ಲೈವುಡ್ಡಿನ ವಾಸನೆ, ಅಂಟಿನ ವಾಸನೆ, ಜೂನ್ ತಿಂಗಳಲ್ಲಿ ಪಠ್ಯಪುಸ್ತಕದ ಬಂಡಲ್ ಬಿಚ್ಚಿದಾಗ ಸ್ಟಾಫ್ ರೂಮಿನಲ್ಲಿ ಏಳುವ ವಾಸನೆಗೆ ಹತ್ತಿರ, ಆದರೆ ಇದು ಕಣ್ಣನ್ನು ಸ್ವಲ್ಪ ಉರಿಸುತ್ತದೆ — ಇದು ಓಕ್ ಅಂತಾರ್ರಿ ಅಕ್ಕಾರ, ಇದು ವಾಲ್‌ನಟ್, ಇದು ಚೆರ್ರಿ, ಇದು ಬೀಚ್, ಅಂಗಡಿಯ ಚನ್ನಯ್ಯನವರು ಒಂದೊಂದೇ ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸುತ್ತಿದ್ದಾರೆ, ಐವತ್ತು ದಾಟಿದ ಮನುಷ್ಯ, ಬೆಳಗಿನ ವಿಭೂತಿ ಹಣೆಯ ಮೇಲೆ ಇನ್ನೂ ಹಾಗೇ ಇದೆ, ಹೊಸಪೇಟೆ ಬಿಟ್ಟು ಹೆಚ್ಚು ದೂರ ಹೋದವರಂತೆ ಕಾಣುವುದಿಲ್ಲ, ಈ ಮರಗಳಲ್ಲಿ ಒಂದನ್ನಾದರೂ ಎದುರಿಗೆ ನೋಡಿದ್ದಾರೋ ಇಲ್ಲವೋ, ನಾನಂತೂ ನೋಡಿಲ್ಲ, ಕಂಪ್ಲಿಯಲ್ಲಿ ಬೆಳೆದವಳಿಗೆ ಬೇವು ಗೊತ್ತು, ಹುಣಸೆ ಗೊತ್ತು, ಕಾಲುವೆ ದಂಡೆಯ ಜಾಲಿ ಗೊತ್ತು, ಮ್ಯಾಲ ಕಾಣ್ತೈತಲ್ರಿ ಅದು ಖರೇ ಮರ ಅಲ್ಲ, ಮರದ ಫೋಟೋ, ಅದರ ಮ್ಯಾಲ ಗಟ್ಟಿ ಪದರು ಒತ್ತಿರ್ತಾರ, ಸುಳ್ಳು ಹೇಳಿ ಮಾರಂಗಿಲ್ಲ ನಾನು, ಎಂದು ಅವರು ಪಟ್ಟಿಯನ್ನು ಅಡ್ಡ ಹಿಡಿದು ಅದರ ಒಳಗಿನ ಕಂದು ಹೊಟ್ಟನ್ನು ತೋರಿಸುತ್ತಾರೆ, ನನಗೆ ಆ ಪ್ರಾಮಾಣಿಕತೆ ಇಷ್ಟವಾಗುತ್ತದೆ, ತಲೆಯಾಡಿಸುತ್ತೇನೆ, ಆದರೆ ನನ್ನ ಕಣ್ಣು ಪಟ್ಟಿಯ ಮೇಲಿಲ್ಲ, ಬಾಗಿಲ ಗಾಜಿನ ಹತ್ತಿರ ನಿಂತಿರುವ ಸೌಜನ್ಯಳ ಬೆನ್ನಿನ ಮೇಲಿದೆ. ಎರಡು ಜಡೆ, ಒಂದು ಹಿಂದೆ, ಒಂದು ಮುಂದೆ, ಕೈಕಟ್ಟಿಕೊಂಡು ರಸ್ತೆ ನೋಡುತ್ತಿದ್ದಾಳೆ, ರಸ್ತೆಯಲ್ಲಿ ನೋಡುವಂಥದ್ದೇನೂ ಇಲ್ಲ, ತಾಡಪತ್ರಿ ಹೊದ್ದ ಅದಿರಿನ ಲಾರಿಗಳು, ಒಂದರ ಹಿಂದೆ ಒಂದು, ನಮ್ಮ ಮನೆಯ ಮುಂದೆಯೂ ಅವೇ, ಒಂಬತ್ತನೇ ಕ್ಲಾಸು ಅವಳು, ನನ್ನ ಗಂಡನ ಮಗಳು, ನನ್ನ ಮಗಳು ಎಂದು ಕೆಲವೊಮ್ಮೆ ಬಚ್ಚಲಲ್ಲಿ ನೀರಿನ ಸದ್ದಿನ ನಡುವೆ ಬಾಯಿಬಿಟ್ಟು ಹೇಳಿ ನೋಡುತ್ತೇನೆ, ಯಾರಿಗೂ ಕೇಳಿಸದ ಹಾಗೆ, ನಾಲಿಗೆಗೆ ರೂಢಿಯಾಗಲಿ ಎಂದು. ಅವಳಿಗೆ ಮಾತ್ರ ನಾನು ಇನ್ನೂ ಟೀಚರ್, ಏಳನೇ ಕ್ಲಾಸಿನಲ್ಲಿ ಗಣಿತ ಕಲಿಸಿದ್ದೆನಲ್ಲ, ಮದುವೆಯಾಗಿ ಎಂಟು ತಿಂಗಳಾದರೂ ಊಟಕ್ಕ ಬರ್ರಿ ಟೀಚರ್, ಗ್ಯಾಸ್ ಮುಗದೈತ್ರಿ ಟೀಚರ್, ತಪ್ಪು ಮಾತಲ್ಲ, ಗೌರವದ ಮಾತೇ, ಆದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಿಂತಾಗ ಅದು ಕಿವಿಗೆ ಬಿದ್ದರೆ ಕೈ ತಾನಾಗಿ ಹಾಜರಿ ಪುಸ್ತಕ ಹುಡುಕುತ್ತದೆ.

ನಮ್ಮ ಮನೆಯವರೂ ಬರಬೇಕಿತ್ತು, ಬೆಳಿಗ್ಗೆ ಹೊರಟೂ ಇದ್ದರು, ಬಿಳಿ ಅಂಗಿ ಹಾಕಿಕೊಂಡು, ಅಷ್ಟರಲ್ಲಿ ಫೋನು, ನೀನು ಹುಡುಗೀನ ಕರಕೊಂಡು ಹೋಗಿ ಬಾ ಅನ್ನಪೂರ್ಣ, ಲಾರಿ ಸಾಲು ಗುಡಿ ದಾಟಿ ನಿಂತೈತಿ, ಎಂದು ಆ ಬಿಳಿ ಅಂಗಿಯಲ್ಲೇ ತೂಕದ ಕಟ್ಟೆಗೆ ನಡೆದರು, ಸಂಜೆ ಬರುವಾಗ ಅದು ಗಜ್ಜರಿ ಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕು ವರ್ಷದ ಹಿಂದೆ ಆ ಜಾಗದಲ್ಲಿ ಶೇಂಗಾ ಹೊಲವಿತ್ತಂತೆ, ಈಗ ವೇ ಬ್ರಿಡ್ಜ್, ಸಂಡೂರಿನ ಗುಡ್ಡ ಚೂರುಚೂರಾಗಿ ಬಂದು ನಮ್ಮ ಹೊಲದಲ್ಲಿ ತೂಗಿಸಿಕೊಂಡು ಚೀನಾಕ್ಕೆ ಹೋಗುತ್ತದೆ, ಪಾಪಿನಾಯಕನಹಳ್ಳಿಯಲ್ಲಿ, ಎಲ್ಲರ ಬಾಯಲ್ಲಿ ಪಿ.ಕೆ. ಹಳ್ಳಿ, ಅವರನ್ನು ಈಗ ರೇವಣಸಿದ್ದಪ್ಪನವರು ಅನ್ನುತ್ತಾರೆ, ಮೊದಲು ಬರೀ ರೇವಣಸಿದ್ದ, ಅವರಿಗೆ ಆ ಅಪ್ಪನವರು ಇನ್ನೂ ಮೈಗೆ ಹೊಂದಿಲ್ಲ, ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುತ್ತಾರೆ. ಮಗಳ ಅಂಕಪಟ್ಟಿಗೆ ಸಹಿ ಹಾಕಲು ಶಾಲೆಗೆ ಬಂದಾಗಲೂ ಹಾಗೇ, ಚಪ್ಪಲಿಯನ್ನು ಸ್ಟಾಫ್ ರೂಮಿನ ಹೊರಗೆ ಬಿಟ್ಟು ಒಳಗೆ ಬಂದರೂ ಸಿಮೆಂಟಿನ ಮೇಲೆ ಕೆಂಪು ಪಾದ ಮೂಡುತ್ತಿತ್ತು, ಅದನ್ನು ನೋಡಿ ನಾಚಿ ಹೆಬ್ಬೆರಳಿಂದ ಅಳಿಸಲು ಹೋಗಿ ಇನ್ನೂ ದೊಡ್ಡದು ಮಾಡುತ್ತಿದ್ದರು, ಹೆಂಡತಿ ಕಾಮಾಲೆಯಿಂದ ತೀರಿಹೋಗಿ ಆಗ ಒಂದೂವರೆ ವರ್ಷವಾಗಿತ್ತು, ನಾನು ಮೂವತ್ತೇಳು ದಾಟಿದ್ದೆ, ಕಂಪ್ಲಿಯಲ್ಲಿ ಅಪ್ಪನ ಮಾತ್ರೆ, ಅಪ್ಪನ ಗಂಜಿ, ಅಪ್ಪನೂ ಹೋದ ಮೇಲೆ ಬರೀ ಬಸ್ಸು, ಹೋಗುವ ಬಸ್ಸು, ಬರುವ ಬಸ್ಸು. ಒಂದು ದಿನ ಅವರು ಸಹಿ ಹಾಕಿ ಪೆನ್ನು ವಾಪಸು ಕೊಡದೆ ನಿಂತು, ಟೀಚರ್, ನಮ್ಮನಿಗೆ ಬರ್ತೀರೇನ್ರಿ, ಎಂದರು, ನಾನು ಮಹಾನವಮಿಯ ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡು, ಅದಕ್ಕೇನ್ರಿ, ಬರ್ತೀನಿ, ಅಂದುಬಿಟ್ಟೆ, ಅವರ ಮುಖ ನೋಡಿದ ಮೇಲೆ ಗೊತ್ತಾಯಿತು ಊಟಕ್ಕಲ್ಲವೆಂದು, ಆದರೂ ಅಂದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ, ಪೆನ್ನನ್ನೂ ತೆಗೆದುಕೊಳ್ಳಲಿಲ್ಲ, ಅದು ಈಗಲೂ ತೂಕದ ಕಟ್ಟೆಯ ಕೋಣೆಯಲ್ಲಿದೆ, ಅದರಲ್ಲೇ ಚೀಟಿ ಬರೆಯುತ್ತಾರೆ.

ಹಾಗೆ ಬಂದ ಮನೆ, ಚಿಕ್ಕದು, ನಡುಮನೆಯ ನೆಲ ಕೆಂಪು ಕಾವಿಯದು, ಒಂದು ಕಾಲಕ್ಕೆ ಎಣ್ಣೆ ಹಚ್ಚಿ ತಿಕ್ಕಿ ಕನ್ನಡಿಯ ಹಾಗೆ ಇತ್ತಂತೆ, ಈಗ ಹಗಲೂ ರಾತ್ರಿ ಲಾರಿ ಓಡಾಡಿ ಅಡ್ಡಾದಿಡ್ಡಿ ಬಿರುಕು, ಬಿರುಕಿನಲ್ಲಿ ಅದಿರಿನ ಧೂಳು, ಗುಡಿಸಿದಷ್ಟೂ ಬರುತ್ತದೆ, ಕಿಟಕಿಯ ಮೂಲೆಯಲ್ಲಿ ಮಾತ್ರ ಯಾವಾಗಲೂ ಒಂದು ಹಳೆಯ ಜಮಖಾನ ಹಾಸಿರುತ್ತಿತ್ತು, ಅಲ್ಲಿ ಬಿರುಕು ಇನ್ನೂ ದೊಡ್ಡದಿರಬೇಕು ಅಂದುಕೊಂಡಿದ್ದೆ, ಮೂರನೇ ತಿಂಗಳಲ್ಲೋ ಏನೋ ಒಗೆಯಲು ಎಂದು ಎತ್ತಿದೆ — ಬಿರುಕೇ ಇರಲಿಲ್ಲ, ಗೆರೆಗಳಿದ್ದವು, ಉದ್ದ ತ್ರಿಕೋನ, ಅದನ್ನು ಕೊಯ್ಯುವ ಅಡ್ಡ ಗೆರೆಗಳು, ಹುಲಿ-ಕುರಿ ಆಟದ ಮನೆ, ಹಂಪಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಮಂಟಪದ ಚಪ್ಪಡಿಯ ಮೇಲೆ ತೋರಿಸುತ್ತೇನೆ, ನೋಡ್ರಿ, ಕಾವಲುಗಾರರು ಬೇಸರಕ್ಕೆ ಕೆತ್ತಿಕೊಂಡಿದ್ದು, ಅಂಥದ್ದೇ, ನಮ್ಮ ನಡುಮನೆಯಲ್ಲಿ, ಪಕ್ಕಕ್ಕೆ ಒಂದು ಪೌಡರ್ ಡಬ್ಬಿ, ಅದರೊಳಗೆ ಹುಣಸೆ ಬೀಜ ಹದಿನೈದು, ಕುರಿಗಳು, ಲಾರಿಯಿಂದ ಬಿದ್ದ ಅದಿರಿನ ಹರಳು ಮೂರು, ಕಪ್ಪು, ಹೊಳೆಯುವ, ಕೈಗೆ ಭಾರ, ಅವು ಹುಲಿ. ಎತ್ತಿದ ಹಾಗೇ ಇಟ್ಟು ಜಮಖಾನ ಒಗೆಯದೆ ಮತ್ತೆ ಹಾಸಿದೆ, ಯಾರದ್ದೋ ಪತ್ರ ಓದಿದ ಹಾಗಾಗಿತ್ತು. ಅದಾಗಿ ಎಷ್ಟೋ ದಿನದ ಮೇಲೆ ಮೀಟಿಂಗು ಬೇಗ ಮುಗಿದು ನಾಲ್ಕಕ್ಕೇ ಮನೆಗೆ ಬಂದೆ, ಕಿಟಕಿಯಿಂದ ಕಾಣಿಸಿತು, ಸೌಜನ್ಯ ಒಬ್ಬಳೇ ಆಡುತ್ತಿದ್ದಾಳೆ, ಸಮವಸ್ತ್ರ ಕೂಡ ಬಿಚ್ಚಿಲ್ಲ, ಒಂದು ಕುರಿ ಇಟ್ಟು ಏಳುತ್ತಾಳೆ, ಎದುರಿನ ಬದಿಗೆ ಹೋಗಿ ಕೂರುತ್ತಾಳೆ, ಹುಲಿ ನಡೆಸುತ್ತಾಳೆ, ಮತ್ತೆ ಏಳುತ್ತಾಳೆ, ಈ ಬದಿಗೆ ಬರುತ್ತಾಳೆ, ಕೂತಲ್ಲೇ ಕೈ ಚಾಚಿದರೂ ಎಟುಕುತ್ತಿತ್ತು, ಆದರೂ ಎದ್ದು ಹೋಗಿ ಎದುರಿಗೆ ಕೂತೇ ಆಡುತ್ತಾಳೆ, ಎದುರಿಗೆ ಕೂತಾಗ ಅವಳ ಬೆನ್ನು ನೆಟ್ಟಗಾಗುತ್ತದೆ, ದೊಡ್ಡವರ ಹಾಗೆ. ನಾನು ಹೆಜ್ಜೆ ಸಪ್ಪಳವಾಗದಂತೆ ಗೇಟಿನ ತನಕ ಹಿಂದೆ ಹೋದೆ, ಚಿಲಕವನ್ನು ಎರಡು ಸಲ ಗಟ್ಟಿಯಾಗಿ ಬಡಿದು, ಕೆಮ್ಮಿ, ನಿಧಾನಕ್ಕೆ ಬಂದೆ, ಆಮೇಲೆ ದಿನವೂ ಹಾಗೇ, ಅವತ್ತು ಒಳಗೆ ಬಂದಾಗ ಜಮಖಾನ ಹಾಸಿತ್ತು, ಅವಳ ತೊಡೆಯ ಮೇಲೆ ವಿಜ್ಞಾನದ ಪುಸ್ತಕ ತಲೆಕೆಳಗಾಗಿ ಇತ್ತು, ಬಂದ್ರೇನ್ರಿ ಟೀಚರ್, ಅಂದಳು, ಬಂದೆ ಅಂದೆ, ಚಹಾ ಮಾಡಲೇನು ಅಂದೆ, ಪುಸ್ತಕ ನೋಡಲಿಲ್ಲ.

ಮತ್ತೆ ಕಳೆದ ತಿಂಗಳು ಗ್ರಾನೈಟು, ಅವರಿಗೆ ನನ್ನ ಮೇಲಿನ ಪ್ರೀತಿಯೆಲ್ಲ ಗ್ರಾನೈಟಿನ ರೂಪದಲ್ಲಿ ಬಂತು, ಊರಿನಲ್ಲಿ ಲಾರಿ ಇಟ್ಟವರ ಮನೆಯಲ್ಲೆಲ್ಲ ಗ್ರಾನೈಟು, ನಮ್ಮನಿ ಹಿಂಗ ಇರಬಾರ್ದು, ಇದು ನಿನ್ನ ಮನಿ ಅನಸ್ಬೇಕಲ ನಿನಗ, ಎಂದು ಮೇಸ್ತ್ರಿ ಗಾಳೆಪ್ಪನನ್ನು ಕರೆಸಿದರು, ಗಾಳೆಪ್ಪ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಹೋದ, ಬಾಗಿಲ ಕೆಳಗೆ ಬೆರಳು ತೂರಿಸಿ ನೋಡಿದ, ಹಳೇದರ ಮ್ಯಾಲ ಕುಂದ್ರಸಾಕ ಆಗಂಗಿಲ್ರಿ, ಬಾಗಲಾ ತಗೀಯಾಕ ಬರಂಗಿಲ್ಲ, ಎಲ್ಲಾ ಒಡದು ತಗದು ಹಾಕಬೇಕು, ಮಷಿನ್ ತರಸ್ತೀನಿ, ಎರಡು ದಿನದ ಕೆಲಸ, ಎಂದು ಹೇಳಿ ಕಿಟಕಿಯ ಮೂಲೆಗೆ ಬಂದಾಗ ತಾನೇ ಜಮಖಾನ ಸರಿಸಿ ಕೂತು ಗೆರೆಯ ಮೇಲೆ ಬೆರಳಾಡಿಸಿದ, ಅಕ್ಕಾರ, ಈ ನೆಲ ನಾನ ಹಾಕಿದ್ದು, ಹದಿನಾಕು ವರ್ಷಾತು, ಹಸಿ ಇದ್ದಾಗ ಸೌಜನ್ಯನ ಅವ್ವ ಕೊಟ್ರಬಸಕ್ಕ ನನ್ನ ಅಳತಿ ಪಟ್ಟಿ ಇಸ್ಕೊಂಡು ಕುಡುಗೋಲು ತುದೀಲೆ ಈ ಗೆರಿ ಕೊರದ್ಲು, ನೆಲಾ ಕೆಡಸ್ತೀಯವ್ವ ಅಂದ್ರ ನನ್ನ ಮಗಳು ದೊಡ್ಡಾಕಿ ಆದ ಮ್ಯಾಲ ನನಗ ಜೋಡಿ ಬೇಕಲ ಆಡಾಕ ಅಂದ್ಲು, ಹುಡುಗಿ ಆಗ ತೊಟ್ಟಿಲಾಗ ಇತ್ತು. ಅವನು ಇಷ್ಟು ಹೇಳುವಾಗ ಅದೇ ಹುಡುಗಿ ಪಡಸಾಲೆಯ ಬಾಗಿಲಲ್ಲಿ ಬ್ಯಾಗು ಹೊತ್ತು ನಿಂತಿದ್ದಳು, ಎಲ್ಲಾ ಒಡದು ಎಂಬುದನ್ನೂ ಕೇಳಿಸಿಕೊಂಡಿರಬೇಕು, ಹಸಿವಿಲ್ರಿ ಟೀಚರ್, ಅಷ್ಟೇ, ಅವತ್ತು, ಮರುದಿನವೂ, ಅಪ್ಪನ ಹತ್ತಿರ ಬೇಡವೆಂದು ಹೇಳಬಹುದಿತ್ತು, ಹೇಳಲಿಲ್ಲ, ನಾನು ಬಂದಿದ್ದೇನೆಂದು ಹೇಳಲಿಲ್ಲವೋ, ಹೊಸ ಹೆಂಡತಿಗೆ ಹೊಸ ನೆಲ, ಅದರಲ್ಲಿ ತನಗೆ ಮಾತಿಲ್ಲ ಅಂದುಕೊಂಡಳೋ, ಆ ಅನುಮಾನವೇ ನನಗೆ ಅನ್ನ ಇಳಿಯಗೊಡಲಿಲ್ಲ. ನಂಗ ಗ್ರಾನೈಟ್ ಬ್ಯಾಡ್ರಿ, ಅಂದೆ ಅವರಿಗೆ, ಯಾಕ, ಅಂದರು, ಕಲ್ಲಿನ ಮ್ಯಾಲ ನಿಂತ್ರ ಮಂಡಿ ಹಿಡೀತಾವ, ಅಂದೆ, ಸುಳ್ಳು, ನನ್ನ ಮಂಡಿ ದಿನಕ್ಕೆ ಆರು ಪೀರಿಯಡ್ಡು ಸಿಮೆಂಟಿನ ಮೇಲೆ ನಿಂತು ಗಟ್ಟಿಯಾಗಿವೆ, ನಿಜ ಹೇಳಿದ್ದರೆ ಅವರು ಮಗಳನ್ನು ಕರೆದು ಕೇಳುತ್ತಿದ್ದರು, ಅವಳು ಹಾಗೇನಿಲ್ಲಪ್ಪ ಅನ್ನುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು, ಮಷಿನ್ ಬರುತ್ತಿತ್ತು. ಅವರ ಮುಖ ಸಣ್ಣದಾಯಿತು, ನಾನು ಕೊಟ್ಟಿದ್ದು ನಿನಗ ಬ್ಯಾಡನ, ಎಂದು ಕೇಳಲಿಲ್ಲ ಆದರೆ ಟವೆಲ್ಲನ್ನು ನಾಲ್ಕು ಸಲ ಮಡಚಿದರು, ಅದಕ್ಕೇ ಹೇಳಿದೆ, ಸಂಡೂರಿನಲ್ಲಿ ನಮ್ಮ ಹೆಡ್‌ಮಿಸ್ಸಿನ ಅಳಿಯನ ಕ್ವಾರ್ಟರ್ಸಿನಲ್ಲಿ ಮರದಂಥ ನೆಲ ನೋಡಿದ್ದೆ, ಅದು ಬೇಕು ನನಗೆ, ತೆಳ್ಳಗಿರುತ್ತದೆ, ಹಳೆಯದರ ಮೇಲೇ ಹಾಸುತ್ತಾರೆ, ಒಡೆಯುವುದಿಲ್ಲ, ಏನನ್ನೋ ಬೇಕೆಂದು ಕೇಳಿದ್ದು ಅದೇ ಮೊದಲು, ಅವರು ಎಷ್ಟು ಖುಷಿಪಟ್ಟರೆಂದರೆ ಮಂಡಿಗೆ ಎಣ್ಣೆ ಕೂಡ ತಂದರು, ಈಗ ಇಲ್ಲದ ನೋವಿಗೆ ದಿನಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ.

ನಿಮ್ಮ ಪಿ.ಕೆ. ಹಳ್ಳಿ ಕಡೆಯವ್ರೆಲ್ಲಾ ಈ ಚೆರ್ರಿನ ಒಯ್ತಾರ್ರಿ, ಚನ್ನಯ್ಯನವರು ಕೆಂಪು ಪಟ್ಟಿಯನ್ನು ಮುಂದೆ ತಳ್ಳುತ್ತಿದ್ದಾರೆ, ಕೆಂಪು ಧೂಳು ಬಿದ್ರೂ ಕಾಣಂಗಿಲ್ಲ, ಒಂದ ಮಾತು ನೆನಪಿಟ್ಕೋರಿ, ಬಕೀಟು ಬಕೀಟು ನೀರು ಸುರುವಿ ತೊಳಿಯಾಂಗಿಲ್ಲ, ಅರಿವಿ ಹಿಂಡಿ ಒರಸಬೇಕು, ನಿಮ್ಮ ಅದಿರಿನ ಮಣ್ಣು ಹರಳು ಹರಳು, ಮೊದ್ಲು ಗುಡಸಬೇಕು, ಇಲ್ಲಾಂದ್ರ ಗೀಚ್ತೈತಿ. ನಾನು ಕೇಳಬೇಕಾದ್ದು ಬೇರೆ, ಅದಕ್ಕಾಗಿಯೇ ಬಂದಿದ್ದು, ಇದನ್ನ ಹಾಸುವಾಗ ಕೆಳಗಿನ ಹಳೇ ನೆಲಕ್ಕೆ ಮೊಳೆ ಹೊಡೀತೀರೇನ್ರಿ, ಕೇಳಿದೆ, ಇಲ್ರಿ, ಮೊಳಿ ಇಲ್ಲ, ಅಂಟು ಇಲ್ಲ, ಕೆಳಗ ತೆಳ್ಳನ್ನ ಫೋಮ್ ಹಾಸ್ತೀವಿ, ಅದರ ಮ್ಯಾಲ ಪಟ್ಟಿಗೆ ಪಟ್ಟಿ ಸಿಗಸ್ತೀವಿ, ಟಕ್ ಅಂತೈತಿ, ಕೂತು ಬಿಡ್ತೈತಿ, ಎಂದು ಎರಡು ಪಟ್ಟಿ ಸೇರಿಸಿ ತೋರಿಸಿದರು, ಟಕ್, ನಿಜ, ಗೆರೆಯೂ ಕಾಣುವುದಿಲ್ಲ, ಹಂಗಾರ ಕೆಳಗಿನ ನೆಲ ಇದ್ದಂಗ ಇರ್ತೈತಿ, ಅಂದೆ, ಇದ್ದಂಗ ಇರ್ತೈತ್ರಿ, ನಾಳೆ ಬ್ಯಾಡ ಅನಿಸಿದ್ರ ಎಲ್ಲಾ ಬಿಚ್ಚಿ ಒಯ್ಯಬಹುದು, ಒಂದು ಗೀರು ಬಿದ್ದಿರಂಗಿಲ್ಲ. ನಾನು ಮತ್ತೊಮ್ಮೆ ಕೇಳಿದೆ, ಹಿಂದಿನ ಬೆಂಚಿಗೆ ಕೇಳಿಸುವಷ್ಟು ದನಿ ಎತ್ತಿ, ಒಂದು ಗೀರೂ ಬೀಳಂಗಿಲ್ಲ ಅಲ್ಲೇನ್ರಿ, ಚನ್ನಯ್ಯನವರು ನನ್ನನ್ನು ಸ್ವಲ್ಪ ಕಿವುಡಿ ಅಂದುಕೊಂಡಿರಬೇಕು, ಅವರೂ ದನಿ ಎತ್ತಿ, ಇಲ್ರೀ, ಅಂದರು, ಗಾಜಿನ ಹತ್ತಿರದ ಬೆನ್ನು ಅಲುಗಿತು, ಕೇಳಿಸಿತು, ಈಗ ತಿರುಗುತ್ತಾಳೆ, ಈಗ ಗೊತ್ತಾಗುತ್ತದೆ ಅವಳಿಗೆ ನಾನು ಯಾಕೆ ಗ್ರಾನೈಟು ಬೇಡ ಅಂದೆನೆಂದು, ಎಂಥ ಹೆಮ್ಮೆ ನನಗೆ ಆ ಕ್ಷಣ, ಲೆಕ್ಕ ಬಿಡಿಸಿ ಬೋರ್ಡಿನ ಮುಂದೆ ನಿಂತ ಹಾಗೆ — ಅವಳು ತಿರುಗಿದಳು, ಹಂಗಾರ ಮುಚ್ಚಬೇಕಂತ ಮಾಡೀರಿ ಟೀಚರ್, ಅಂದಳು. ದನಿ ಎತ್ತಲಿಲ್ಲ, ಸಿಟ್ಟೂ ಇರಲಿಲ್ಲ, ಅದೇ ಕೆಟ್ಟದ್ದು, ತೀರಾ ತಣ್ಣಗೆ ಅಂದಳು, ಒಡೆಯೋದಾದ್ರ ಒಮ್ಮೆ ಒಡೀತಿತ್ತು, ಇದು ಕೆಳಗ ಇರ್ತೈತಿ, ನಾನು ದಿನಾ ಅದರ ಮ್ಯಾಲ ಅಡ್ಡಾಡಬೇಕು, ಹೌದಲ್ರಿ.

ಏಸಿಯ ಸದ್ದು, ಹೊರಗೆ ಲಾರಿಯೊಂದರ ಹಾರ್ನು, ಚನ್ನಯ್ಯನವರು ಪಟ್ಟಿ ಹಿಡಿದ ಕೈ ಹಾಗೇ ನಿಂತಿದೆ, ನನ್ನ ತಲೆಯೊಳಗೆ ಎಲ್ಲವೂ ಒಮ್ಮೆಗೇ — ಹೌದು, ಉಳಿಸುವುದೆಂದರೆ ಮುಚ್ಚಿಡುವುದು ಅಂದುಕೊಂಡಿದ್ದೆ, ಹಂಪಿಯ ಚಪ್ಪಡಿ ತೋರಿಸಿದ ಹಾಗೆ, ಮುಟ್ಟಬೇಡಿ ಮಕ್ಕಳೇ, ದೂರದಿಂದ ನೋಡಿ, ಅದು ಆಡುವ ಆಟವೆಂಬುದೇ ಮರೆತುಹೋಗಿತ್ತು, ಎದ್ದು ಹೋಗಿ ಎದುರಿಗೆ ಕೂರುವ ಹುಡುಗಿಯನ್ನು ಕಣ್ಣಾರೆ ಕಂಡೂ ಮರೆತಿದ್ದೆ, ಯಾರನ್ನೂ ಕೇಳದೆ, ಮಂಡಿ ನೋವಿನ ಸುಳ್ಳು ಹೇಳಿ, ನಾನೊಬ್ಬಳೇ ಎಲ್ಲ ಸರಿಮಾಡುತ್ತೇನೆಂದು ಹೊರಟವಳು, ಎರಡೂ ಕಡೆಯಿಂದ ನಾನೇ ಆಡಿದ್ದೆ. ತಪ್ಪಾತವ್ವ, ಅಂದೆ, ಅವಳಿಗೆ ಅವ್ವ ಸೇರಿಸಿ ಮಾತಾಡಿದ್ದು ಅದೇ ಮೊದಲು, ಬಾಯಿತಪ್ಪಿ ಬಂತು, ನಾ ನಿನ್ನನ್ನ ಕೇಳಬೇಕಿತ್ತು, ಕೇಳಲಿಲ್ಲ, ಒಡೀಬಾರ್ದು ಅಂತಷ್ಟ ತಲಿಯಾಗಿತ್ತು, ಮುಂದಿಂದು ಹೊಳೀಲಿಲ್ಲ. ನಿಮಗ ಗೊತ್ತಿತ್ತೇನ್ರಿ, ಅಂದಳು, ಗೊತ್ತಿತ್ತು, ಯಾವಾಗಿಂದ, ಜಮಖಾನ ಒಗಿಯಾಕ ತಗೊಂಡಾಗಿಂದ, ಅದಕ್ಕೆ ಅವಳು ಏನೋ ಲೆಕ್ಕ ಹಾಕಿದ ಹಾಗೆ ಕಣ್ಣು ಸಣ್ಣ ಮಾಡಿ, ನೀವು ಗೇಟಿನ ಚಿಲಕ ಎರಡೆರಡು ಸಲ ಬಡೀತಿದ್ರಿ, ಅಂದಳು, ನನ್ನ ಕಣ್ಣು ಉರಿಯಿತು, ಅಂಟಿನ ವಾಸನೆ. ಏನ್ರಿ ಅದು, ನನಗೂ ಹೇಳ್ರಿ, ಎಂದು ಚನ್ನಯ್ಯನವರು ತಡೆಯಲಾರದೆ ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಸೌಜನ್ಯ, ನಮ್ಮವ್ವ ಕೊರದ ಹುಲಿ-ಕುರಿ ಮನಿ ಐತ್ರಿ ನಡುಮನಿ ನೆಲದಾಗ, ಅಂದಳು, ನಮ್ಮವ್ವ, ಎಂಟು ತಿಂಗಳಲ್ಲಿ ನನ್ನ ಎದುರಿಗೆ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ, ನಾನಿದ್ದ ಕೋಣೆಗೆ ಅದನ್ನು ತರಬಾರದೆಂದು ಹೊರಗೇ ಬಿಟ್ಟು ಬರುತ್ತಿದ್ದಳೋ ಏನೋ, ಈಗ ತಂದಳು, ಮತ್ತೆ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ, ಹೇಳು, ಅಂದೆ, ಹೇಳಿದಳು, ಕುರಿ ಆಡಿದ್ರ ಅವ್ವನ ಗೆಲ್ತಿದ್ಲು, ಹುಲಿ ಆಡಿದ್ರನೂ ಅವ್ವನ ಗೆಲ್ತಿದ್ಲು, ಬೇಕಂತ ಸೋಲೋ ಜಾತಿ ಅಲ್ರಿ ಅಕಿ, ಎಂದು ಚನ್ನಯ್ಯನವರಿಗೆ ಹೇಳುತ್ತ ನಕ್ಕಳು, ಮುಂದಿನ ಹಲ್ಲು ಒಂದರ ಮೇಲೊಂದು ಕೂತಿವೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅದಕ್ಯಾಕ ಮುಚ್ಚತೀರಿ, ಚನ್ನಯ್ಯನವರು ಪಟ್ಟಿಗಳನ್ನು ಮೇಜಿನಿಂದ ನೆಲಕ್ಕೆ ಇಳಿಸಿ ತಾವೂ ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತರು, ನಾಲ್ಕು ಪಟ್ಟಿ ಹೀಗೆ, ನಾಲ್ಕು ಹಾಗೆ, ನಡುವೆ ಖಾಲಿ ಚೌಕ ಬಿಟ್ಟು ತೋರಿಸಿದರು, ಅಷ್ಟು ಜಾಗ ಕೊಯ್ದು ಬಿಡೂನು, ಸುತ್ತ ಹಿತ್ತಾಳಿ ಪಟ್ಟಿ ಕೂಡಸ್ತೀನಿ, ಅಂಚು ಏಳಂಗಿಲ್ಲ, ಬೆರಳಿನಷ್ಟು ತಗ್ಗು ಇರ್ತೈತಿ, ಬೀಜ ಹೊರಗ ಉರುಳಂಗಿಲ್ಲ ನೋಡ್ರಿ, ಇನ್ನಾ ಚಲೋ ಆತು. ಇಷ್ಟು ಸುಲಭ, ಎಂದು ನಾನು ನೆಲದ ಮೇಲೆ ಕೂತೆ, ಅವಳೂ ಬಂದು ಕೂತಳು, ನಮ್ಮಿಬ್ಬರ ನಡುವೆ ಆ ಖಾಲಿ ಚೌಕ, ಚೆರ್ರಿ ಬ್ಯಾಡ್ರಿ, ಅಂದಳು ಅವಳು, ಧೂಳು ಕಾಣದಿದ್ರ ಗುಡಿಸೋದು ಹೆಂಗ, ನನ್ನ ಮನಸ್ಸಿನ ಮಾತನ್ನೇ ಕದ್ದು ಆಡಿದಳು, ವಾಲ್‌ನಟ್ಟೂ ಬೇಡ, ಕತ್ತಲ ಹಾಗಿದೆ, ಕೊನೆಗೆ ಆ ತಿಳಿಯ ಪಟ್ಟಿ, ಬೀಚು, ಹೊಸ ಬೆಲ್ಲದ ಬಣ್ಣ, ಅದರ ಮೇಲೆ ಅಂಗೈ ಸವರಿ, ಇದು ಆಗಬಹುದೇನ್ರಿ ಟೀಚರ್, ಎಂದು ಕೇಳಿದಳು, ನಾನೂ ಸವರಿದೆ, ಆಗಬಹುದು, ನಿಮ್ಮಪ್ಪ ಏನಂತಾರೋ, ಅಪ್ಪ ನಿಮ್ಮ ಮಂಡಿಗೆ ಆದ್ರ ಸಾಕಂತಾರ, ಎಂದು ಮುಖ ತಗ್ಗಿಸಿ ನಕ್ಕಳು, ಅದೂ ಗೊತ್ತಿದೆ ಇವಳಿಗೆ. ಹಂಗಾರ ಅಳತಿ ಹೇಳ್ರಿ, ಎಷ್ಟು ಬಿಡಬೇಕು, ಚನ್ನಯ್ಯನವರು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದರು, ನಾನು ಗಣಿತದ ಟೀಚರು, ಕೋಣೆಯ ಉದ್ದ ಅಗಲ ಚೀಟಿಯಲ್ಲಿ ಬರೆದು ತಂದಿದ್ದೇನೆ, ಆಟದ ಮನೆಯನ್ನು ಅಳೆದಿಲ್ಲ, ಮೂರು ಗೇಣು, ಅಂದಳು ಸೌಜನ್ಯ, ಉದ್ದ ಮೂರು ಗೇಣು, ಮ್ಯಾಲ ನಾಕು ಬೆರಳು, ಅಗಲ ಎರಡೂವರಿ, ಅವ್ವ ಹೇಳಿದ್ಲು. ಹೇಳುತ್ತಲೇ ತನ್ನ ಕೈಯನ್ನು ತಿಳಿ ಪಟ್ಟಿಯ ಮೇಲೆ ಅಗಲಿಸಿದಳು, ನೋಡಿದಳು, ವಾಪಸು ತೆಗೆದಳು, ಇದಲ್ರಿ, ನನ್ನ ಗೇಣು ಸಣ್ಣದು, ಅದು ಅವ್ವನ ಗೇಣು, ಚನ್ನಯ್ಯನವರು ಟೇಪು ಹಿಡಿದು ಕಾಯುತ್ತಿದ್ದಾರೆ, ಮನೆಗೆ ಹೋಗಿ ಅಳೆದು ಫೋನ್ ಮಾಡುತ್ತೇವೆ ಎಂದು ನಾನು ಹೇಳುವುದರಲ್ಲಿದ್ದೆ, ಟೀಚರ್, ನಿಮ್ಮ ಕೈ ಕೊಡ್ರಿ, ಅಂದಳು, ಅವ್ವನ ಕೈ ನಿಮ್ಮದರಷ್ಟ ಇತ್ತು — ಯಾವಾಗ ನೋಡಿದಳು, ರೊಟ್ಟಿ ಹಾಕುವಾಗಲೋ, ಜಡೆ ಹೆಣೆಯಲು ಒಮ್ಮೆ ಮಾತ್ರ ಬಿಟ್ಟಿದ್ದಳು ಆಗಲೋ, ಏಳನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೋ, ಅವಳ ಅವ್ವ ಆಗಷ್ಟೇ ಹೋಗಿದ್ದಳು, ಎಷ್ಟು ದಿನದಿಂದ ನೋಡುತ್ತಿದ್ದಾಳೆ ನನ್ನ ಕೈಯನ್ನು — ನನ್ನ ಮಣಿಕಟ್ಟು ಹಿಡಿದು ಪಟ್ಟಿಯ ಮೇಲಿಟ್ಟಳು, ಹೆಬ್ಬೆರಳನ್ನು ಅಂಚಿಗೆ ಕೂಡಿಸಿದಳು, ಕಿರುಬೆರಳನ್ನು ಎಳೆದಳು, ಇನ್ನಾ ಸ್ವಲ್ಪ, ಅಂದಳು, ಅದು ಮಡಚದಂತೆ ಮೇಲಿಂದ ತನ್ನ ಅಂಗೈ ಇಟ್ಟು ಒತ್ತಿದಳು, ಅಲ್ಲಾಡಬ್ಯಾಡ್ರಿ ಅಕ್ಕಾರ, ಎಂದು ಚನ್ನಯ್ಯನವರು ಟೇಪಿನ ತುದಿ ತಂದರು, ಇಲ್ಲ, ಅಲ್ಲಾಡುವುದಿಲ್ಲ, ಉಗುರಿನ ಸಂದಿಯಲ್ಲಿ ನಿನ್ನೆಯ ಸೀಮೆಸುಣ್ಣ, ಅವಳ ಬೆರಳು ಬಿಸಿ, ಪಟ್ಟಿ ತಣ್ಣಗೆ, ನಡುವೆ ನನ್ನ ಕೈ, ಒಂದು ಗೇಣು, ಅವಳ ಕೈಯ ಕೆಳಗೆ ನನ್ನ ಕೈ, ನನ್ನ ಕೈ